ಗೋಡೆಯಾಚೆಯ ರಿಮೋಟು

ನಮ್ಮ ನಡುಮನೆಯ ಗೋಡೆಯಲ್ಲಿ, ಸೂರಿನ ಕೆಳಗೆ, ಒಂದು ತೂತಿದೆ. ಹೆಬ್ಬೆರಳು ತೂರುವಷ್ಟು. ಅದರೊಳಗಿಂದ ಒಂದು ಕಪ್ಪು ವೈರು ಇಳಿದು ಬಂದು ನಮ್ಮ ಟೀವಿಯ ಬೆನ್ನಿಗೆ ಸೇರುತ್ತಿತ್ತು. ಅದರ ಇನ್ನೊಂದು ತುದಿ ಗೋಡೆಯ ಆಚೆ, ನನ್ನ ವಾರಗಿತ್ತಿಯ ಮನೆಯಲ್ಲಿ. ಡಿಶ್ ಅವರ ಮಾಳಿಗೆಯ ಮೇಲೆ, ಬಾಕ್ಸು ಅವರ ಟೀವಿಯ ಪಕ್ಕದಲ್ಲಿ, ರಿಮೋಟು ಅವರ ಕೈಯಲ್ಲಿ. ಅವರು ಹಾಕಿದ್ದನ್ನು ನಾವು ನೋಡಬೇಕು, ಅವರು ಆರಿಸಿದರೆ ನಮ್ಮದೂ ಆರಬೇಕು. ತಿಂಗಳ ದುಡ್ಡು ಮಾತ್ರ ಅರ್ಧರ್ಧ. ಇದನ್ನು ಕೇಳಿದ ಪೇಟೆಯವರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ನಾನು ಸೊಸೆಯಾಗಿ ಬಂದಾಗ ಈ ಗೋಡೆ ಇರಲಿಲ್ಲ. ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆ ಹೋಗುವ ರಸ್ತೆಯಲ್ಲಿ, ಎರಡೂ ಪಕ್ಕ ಮಾವಿನ ತೋಪು ಸಿಗುವ ಜಾಗದಲ್ಲಿ ನಮ್ಮೂರು. ನನ್ನ ತವರು ಟೇಕಲ್ ಹತ್ತಿರ, ಮನೆಯಲ್ಲಿ ಅಪ್ಪಟ ಕನ್ನಡ. ಇಲ್ಲಿ ಒಲೆಯ ಮುಂದೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಬಂದ ಹೊಸದರಲ್ಲಿ ನಾನು ಮೂಗಿಯ ಹಾಗೆ ಮೂಲೆಯಲ್ಲಿ ಕೂತಿರುತ್ತಿದ್ದೆ. ನಮ್ಮ ಭಾವನ ಹೆಂಡತಿ, ಆವನಿ ಕಡೆಯ ಹೆಣ್ಣು, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ಸಂಜೆ ಕೈಹಿಡಿದು ಎಳೆದುಕೊಂಡು ಹೋಗಿ ಟೀವಿಯ ಮುಂದೆ ಕೂರಿಸುತ್ತಿದ್ದಳು. ತೆಲುಗು ಧಾರಾವಾಹಿ ಹಾಕಿ ಒಂದೊಂದು ಮಾತಿಗೂ ನನ್ನ ಕಡೆ ತಿರುಗಿ "ಅರ್ಥಮಾಯನಾ?" ಅನ್ನುವಳು. ಅರ್ಥವಾಯಿತು ಎಂದರೆ ನಂಬುತ್ತಿರಲಿಲ್ಲ. "ಏನಂದ್ಳು ಹೇಳು ನೋಡಾಣ" ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಧಾರಾವಾಹಿಯಲ್ಲಿ ಅತ್ತೆಯರು ಬೈಯುವುದೇ ಜಾಸ್ತಿಯಲ್ಲವೇ, ನಾನು ಮೊದಲು ಕಲಿತ ತೆಲುಗೂ ಬೈಗುಳವೇ. ಇವತ್ತಿಗೂ ನನಗೆ ತೆಲುಗಿನಲ್ಲಿ ನಯವಾಗಿ ಮಾತಾಡಲು ಬರುವುದಿಲ್ಲ. ಜಗಳಕ್ಕಾದರೆ ಒಂದಕ್ಷರ ತಪ್ಪುವುದಿಲ್ಲ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ನಮ್ಮ ಮನೆಯಲ್ಲೂ ಅದೇ ಆಯಿತು. ತೋಪು ಭಾಗವಾದಾಗ ಬದುವಿನ ಮೇಲೆ ಒಂದು ಬಾದಾಮಿ ಮಾವಿನ ಮರ ಉಳಿಯಿತು, ಅದು ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ವರ್ಷ ಭಾವ ಅದರ ಫಸಲನ್ನು ಹೂವು ಬಿಟ್ಟಾಗಲೇ ವ್ಯಾಪಾರಿಗೆ ಒಪ್ಪಿಸಿ ಮುಂಗಡ ಇಸಕೊಂಡರು. ನಮ್ಮ ಯಜಮಾನರು ಮಚ್ಚು ಹಿಡಿದು ಮರ ಕಡಿಯಲು ಹೋದರು. ಮರಕ್ಕೆ ಏಟು ಬೀಳಲಿಲ್ಲ, ಮಾತಿಗೆ ಬಿತ್ತು. ಸಾಯಂಕಾಲ ದೇವರ ಮುಂದೆ ಕರ್ಪೂರ ಹಚ್ಚಿ, "ನಮ್ಮನೇವ್ರು ಯಾರೇ ಆಗ್ಲಿ ಅವರ ಹೊಸ್ಲು ತುಳಿದ್ರೆ, ಅವರ ಜೊತೆ ಮಾತಾಡಿದ್ರೆ, ಆ ದೇವ್ರೇ ನೋಡ್ಕೊಳ್ಲಿ" ಎಂದು ಆಣೆ ಇಟ್ಟರು. ಭಾವನೂ ಅದೇ ಕರ್ಪೂರದ ಮೇಲೆ ಅದೇ ಆಣೆ ಇಟ್ಟರು. ಹೆಂಗಸರನ್ನು ಯಾರೂ ಕೇಳಲಿಲ್ಲ. ನಡುಮನೆಯ ಮಧ್ಯೆ ಗೋಡೆ ಎದ್ದಿತು.

ಅಂಥ ದ್ವೇಷದಲ್ಲೂ ಡಿಶ್ ಮಾತ್ರ ಬೇರೆಯಾಗಲಿಲ್ಲ ನೋಡಿ. ಕೊಳದಪ್ಪಲೆ, ಒನಕೆ, ಹಗ್ಗದ ಮಂಚ, ಎಲ್ಲವನ್ನೂ ಪಾಲು ಹಾಕಿಕೊಂಡವರು, ಇನ್ನೊಂದು ಡಿಶ್‌ಗೆ ಯಾಕೆ ದುಡ್ಡು ಸುರಿಯಬೇಕು ಎಂಬುದರಲ್ಲಿ ಮಾತ್ರ ಒಂದೇ ಮಾತಾಗಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ವಂಶ. ಗಾರೆಯವನಿಗೆ ಹೇಳಿ ವೈರಿಗೆಂದೇ ತೂತು ಬಿಡಿಸಿದರು. ನಮ್ಮ ಪಾಲಿನ ದುಡ್ಡನ್ನು ನಾನು ಅಂಗಡಿಯಲ್ಲಿ ಕೊಟ್ಟು ಬರುತ್ತಿದ್ದೆ, ಅವರ ಪಾಲನ್ನು ಅವರು ಕೊಡುತ್ತಿದ್ದರು, ಅಂಗಡಿಯವನು ಫೋನಿನಲ್ಲಿ ರೀಚಾರ್ಜ್ ಮಾಡುತ್ತಿದ್ದ. ಮುಖಕ್ಕೆ ಮುಖ ಕೊಡುವ ಗೊಡವೆಯೇ ಇಲ್ಲ.

ಗೋಡೆ ಎದ್ದ ಮೇಲೆ, ಭಾವ ಇರುವವರೆಗೂ ನನಗೆ ಆ ಟೀವಿಯಿಂದ ಕಿಲುಬು ಕಾಸಿನ ಸುಖ ಇರಲಿಲ್ಲ. ಅಷ್ಟರಲ್ಲಿ ಅವರಿಗೆ ವಾರ್ತೆಯ ಹುಚ್ಚು ಹಿಡಿದಿತ್ತು. ಬೆಳಗಿನಿಂದ ರಾತ್ರಿಯವರೆಗೆ ಯಾರೋ ನಾಲ್ಕು ಜನ ಒಬ್ಬರ ಮೇಲೊಬ್ಬರು ಕಿರುಚಾಡುವುದು. ಅಂಗನವಾಡಿಯಲ್ಲಿ ಇಡೀ ದಿನ ಮಕ್ಕಳ ಕಿರುಚಾಟ ಕೇಳಿ ಬಂದವಳಿಗೆ ಮನೆಯಲ್ಲೂ ಅದೇ. ಆಮೇಲೆ ಒಂದು ದಿನ ಭಾವ ತೋಪಿನಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಮ್ಮ ಯಜಮಾನರು ಅಣ್ಣನ ಹೆಣಕ್ಕೆ ಹೆಗಲು ಕೊಟ್ಟರು, ಆದರೆ ಬೀದಿಯಲ್ಲಿ. ಹೊಸ್ತಿಲು ದಾಟಲಿಲ್ಲ. ನಾನೂ ಬೀದಿಯಲ್ಲೇ ನಿಂತಿದ್ದೆ. ಅಕ್ಕ ಬಾಗಿಲ ದಾರಂದಕ್ಕೆ ಒರಗಿಕೊಂಡು ನನ್ನನ್ನು ಒಂದು ಸಲ ನೋಡಿದಳು. ಅವಳ ಮಗಳು, ಮಾಲೂರಿಗೆ ಮದುವೆಯಾಗಿ ಹೋದವಳು, ತಾಯಿಯನ್ನು ಹಿಡಿದುಕೊಂಡಿದ್ದಳು. ಹೋಗಿ ತಬ್ಬಿಕೊಳ್ಳಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತೆ. ಹಾಳು ಕರ್ಪೂರ.

ಕಾರ್ಯವೆಲ್ಲ ಮುಗಿದು ಮಗಳು ಮಾಲೂರಿಗೆ ಹೊರಟುಹೋದಳು. ಅಷ್ಟು ದಿನವೂ ಬಾಕ್ಸು ಆರಿತ್ತು, ನಮ್ಮ ಟೀವಿಯೂ ಕಪ್ಪಗಿತ್ತು. ಒಂದು ಸಂಜೆ ನಾನು ಮುದ್ದೆ ತಿರುವುತ್ತಿದ್ದೆ. ಗೋಡೆಯ ಮೇಲೆ ಆಚೆಯಿಂದ ಟಕ್ ಎಂದಿತು. ಏನಪ್ಪಾ ಎಂದು ಬಂದು ಟೀವಿಯ ಸ್ವಿಚ್ ಹಾಕಿದೆ. ನನ್ನ ಕನ್ನಡ ಧಾರಾವಾಹಿ. ಗೋಡೆ ಎದ್ದ ಮೇಲೆ ಒಂದು ದಿನವೂ ನೋಡಲು ಸಿಕ್ಕದ್ದು. ಇದು ನನಗೆ ಇಷ್ಟ ಎಂದು ಅವಳಿಗೆ ಹೇಗೆ ನೆನಪಿತ್ತೋ! ಅದು ಮುಗಿದ ಮೇಲೆ ತಾನಾಗಿಯೇ ಚಾನೆಲ್ ಬದಲಾಗಿ ಅವಳ ತೆಲುಗು ಧಾರಾವಾಹಿ ಬಂತು. ಕೈಯಲ್ಲೇ ಉಳಿದಿದ್ದ ಮುದ್ದೆಕೋಲಿನಿಂದ ನಾನೂ ಗೋಡೆಗೆ ಒಂದು ಬಡಿದೆ.

ಅಲ್ಲಿಂದ ಅದೇ ನಮ್ಮ ಮಾತುಕತೆ. ಮಾತಾಡಬಾರದು ಎಂದು ಆಣೆ, ತಟ್ಟಬಾರದು ಎಂದು ಎಲ್ಲೂ ಇರಲಿಲ್ಲ. ಅವಳು ತಟ್ಟಿದರೆ ಹಾಕಿದ್ದೀನಿ ಬಾ ಎಂದು. ನಾನು ತಟ್ಟಿದರೆ ಚಾನೆಲ್ ಬದಲಿಸು ಎಂದು. ಬಿಡದೆ ಬಡಿದರೆ ಸಿಟ್ಟು ಬಂದಿದೆ ಎಂದು. ಧಾರಾವಾಹಿಯಲ್ಲಿ ಯಾರಾದರೂ ಸತ್ತರೆ ಅವಳು ಮೆಲ್ಲಗೆ ಒಂದು ತಟ್ಟುತ್ತಿದ್ದಳು. ಅತ್ತಿರಬೇಕು. ನಾನೂ ಕಣ್ಣೊರೆಸಿಕೊಂಡು ತಟ್ಟುತ್ತಿದ್ದೆ. ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತಿ, "ಏನೇ ಇದು, ಕೊಟ್ಟಿಗೆ ದನ ಗುದ್ದಾಡಿದಂಗೆ" ಅನ್ನುವರು. "ಚಾನೆಲ್ ವಿಷ್ಯ, ನೀವು ಉಣ್ಣಿ" ಅನ್ನುತ್ತಿದ್ದೆ. ಕ್ರಮೇಣ ಅವರಿಗೂ ಕಿವಿಗೆ ಒಗ್ಗಿಹೋಯಿತು.

ನನ್ನ ಭಯವೆಲ್ಲ ಒಂದೇ, ಇವರು ಆ ವೈರು ಕೀಳಿಸಿಬಿಟ್ಟರೆ ಎಂದು. ಈಚೆಗೆ ತಿಂಗಳ ದುಡ್ಡೇ ಇಲ್ಲದ ಡಿಶ್ ಬಂದಿದೆಯಲ್ಲ, ಒಂದು ಸಲ ಹಾಕಿಸಿದರೆ ಮುಗಿಯಿತು. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅದನ್ನು ನೋಡಿ ಬಂದ ದಿನದಿಂದ ಯಜಮಾನರಿಗೆ ಅದೇ ಜಪ.

"ತಿಂಗ್ಳಾ ತಿಂಗ್ಳಾ ದಂಡ ಕಟ್ತಿದೀವಲ್ಲೇ. ಅದ್ರಲ್ಲಿ ಪುಕ್ಕಟೆ ಬರ್ತದೆ."

"ಪುಕ್ಕಟೆ ಬರೋದ್ರಲ್ಲಿ ನನ್ ಧಾರಾವಾಹಿ ಬರಲ್ಲ."

"ಮತ್ತೊಂದು ನೋಡು. ಎಲ್ಲಾದ್ರಲ್ಲೂ ಅಳೋದೇ ತಾನೆ?"

"ಅಳೋರು ಬೇರೆ ಬೇರೆ ಇರ್ತಾರೆ ಕಣ್ರೀ!"

ಮಾಲೂರಿನ ಫ್ಯಾಕ್ಟರಿಯಿಂದ ಭಾನುವಾರ ಬರುವ ನಮ್ಮ ಮಗನದೂ ಅದೇ ರಾಗ. ಟೀವಿಯೇ ದಂಡ, ಎಲ್ಲ ಫೋನಿನಲ್ಲೇ ಇದೆ ಅನ್ನುವನು. ನಾನು ಇಬ್ಬರಿಗೂ ಜಗ್ಗಲಿಲ್ಲ. ನನ್ನ ಅಂಗನವಾಡಿ ಸಂಬಳದಲ್ಲೇ ನಮ್ಮ ಪಾಲು ಕಟ್ಟುತ್ತೇನೆ, ನಿಮ್ಮನ್ನು ಬಿಡಿಗಾಸು ಕೇಳುವುದಿಲ್ಲ ಎಂದೆ. ಅದಕ್ಕೆ ಯಜಮಾನರು ತೆಪ್ಪಗಾದರು. ದುಡ್ಡು ಅವರ ಜೇಬಿನಿಂದ ಹೋಗದಿದ್ದರೆ ಸಾಕು.

ಹೋದ ದೀಪಾವಳಿ ಆದಮೇಲೆ ಅಕ್ಕನ ರಿಮೋಟಿಗೆ ಏನೋ ಆಯಿತು. ನನ್ನ ಧಾರಾವಾಹಿಯ ಹೊತ್ತಿಗೆ ಚಾನೆಲ್ ಓಡುತ್ತಾ ಓಡುತ್ತಾ ಬಂದು ಎಲ್ಲೆಲ್ಲೋ ನಿಲ್ಲುವುದು. ಒಂದು ದಿನ ಕ್ರಿಕೆಟ್ಟು, ಒಂದು ದಿನ ಯಾವುದೋ ಅರ್ಥವಾಗದ ಭಾಷೆ. ನಿಂತಲ್ಲೇ ಸ್ವಲ್ಪ ಹೊತ್ತು ಇದ್ದು ಮತ್ತೆ ಓಡುವುದು. ಸರಿಯಾದದ್ದು ಬರುವಷ್ಟರಲ್ಲಿ ಅರ್ಧ ಕಥೆ ಮುಗಿದಿರುತ್ತಿತ್ತು. ನನಗೆ ರೇಗಿಹೋಗುತ್ತಿತ್ತು. ಮುದ್ದೆಕೋಲು ತೆಗೆದುಕೊಂಡು ಗೋಡೆ ಬಿದ್ದುಹೋಗುವಂತೆ ಬಡಿಯುತ್ತಿದ್ದೆ. ಅದೇ ದಿನಗಳಲ್ಲಿ ಇನ್ನೊಂದು ಗಮನಿಸಿದೆ. ಮೊದಲು ಅವರ ಟೀವಿಯ ಸದ್ದು ಗೋಡೆಯಾಚೆಯಿಂದ ಗುಂಯ್ ಎಂದು ಕೇಳುತ್ತಿತ್ತು, ಈಗ ಪಿಟ್ ಎನ್ನುವುದಿಲ್ಲ. ಯಜಮಾನರು ನಕ್ಕರು.

"ನಮ್ಮತ್ತಿಗೆ ಕರೆಂಟ್ ಉಳಿಸ್ತಾವ್ಳೆ. ಸೌಂಡಿಗೂ ಬಿಲ್ ಬರ್ತದೆ ಅಂದ್ಕೊಂಡವ್ಳೆ."

ಅವರು ಅತ್ತಿಗೆ ಎಂಬ ಪದವನ್ನು ಎಷ್ಟೋ ವರ್ಷದ ಮೇಲೆ ಬಾಯಲ್ಲಿ ತಂದದ್ದು ಅದೇ. ನನಗೆ ಒಳಗೇ ಖುಷಿಯಾಯಿತು. ಆದರೂ ಅವಳ ಮೇಲಿನ ಸಿಟ್ಟಿಗೆ, ಕೇಳಿಸಲಿ ಅವಳಿಗೆ ಎಂದು ನಮ್ಮ ಟೀವಿಯ ಸೌಂಡನ್ನು ಜೋರಾಗಿ ಇಡಲು ಶುರು ಮಾಡಿದೆ. ವಿಚಿತ್ರವೆಂದರೆ ಹಾಗೆ ಜೋರಾಗಿ ಇಟ್ಟ ದಿನದಿಂದ ಚಾನೆಲ್ ಬೇಗ ಸಿಗತೊಡಗಿತು. ಜೋರಿಗೆ ಹೆದರಿದಳು ಅಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಮಾವು ಹೂವು ಬಿಟ್ಟಿದ್ದ ಕಾಲ. ಅವತ್ತು ಅಂಗನವಾಡಿಯಲ್ಲಿ ಮೀಟಿಂಗು ಎಂದು ನಾನು ಬೆಳಿಗ್ಗೆಯೇ ಹೊರಟಿದ್ದೆ, ಬರುವುದು ದೀಪ ಹಚ್ಚುವ ಹೊತ್ತಾಯಿತು. ದೀಪ ಹಚ್ಚಿ, ಎಸರಿಟ್ಟು, ಟೀವಿ ಹಾಕಿದೆ. ಭಕ್ತಿ ಚಾನೆಲ್ಲು. ಅಕ್ಕ ಬೆಳಿಗ್ಗೆ ಎದ್ದ ತಕ್ಷಣ ಸುಪ್ರಭಾತಕ್ಕೆಂದು ಹಾಕುವುದು ಅದು. ಈಗ ಅದರಲ್ಲಿ ಯಾರೋ ಕೂತು ಅದೃಷ್ಟದ ಹರಳು ಮಾರುತ್ತಿದ್ದ. ನನ್ನ ಧಾರಾವಾಹಿ ಶುರುವಾಗುವ ಹೊತ್ತು. ಒಂದು ತಟ್ಟಿದೆ. ಇಲ್ಲ. ಮತ್ತೆ ತಟ್ಟಿದೆ. ಹರಳಿನವನು ಮಾತಾಡುತ್ತಲೇ ಇದ್ದ. ಏನಿವಳ ಕೊಬ್ಬು ಎಂದು ಕೋಲು ಎತ್ತಿದವಳ ಕೈ ನಿಂತುಹೋಯಿತು. ಬೆಳಗಿನ ಚಾನೆಲ್ಲು ಬೆಳಗಿನಿಂದ ಹಾಗೆಯೇ ಇದೆ.

"ರೀ, ಅಕ್ಕನ ಮನೇಲಿ ಏನೋ ಆಗಿದೆ. ನಾನು ಹೋಗ್ತೀನಿ."

"ನಿದ್ದೆ ಹೋಗಿರ್ತಾಳೆ ಕಣೇ. ಆಣೆ ಐತೆ, ಮರ್ತಾ?"

"ಆಣೆ ನಿಮ್ದು. ಕಾಲು ನಂದು."

ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಕ್ಕ ಗೋಡೆಯ ಬುಡದಲ್ಲೇ ಬಿದ್ದಿದ್ದಳು. ನಮ್ಮ ಗೋಡೆ. ಬಾಯಿ ಒಂದು ಪಕ್ಕಕ್ಕೆ ಎಳೆದುಹೋಗಿತ್ತು, ಬಲಗೈ ಮೈಕೆಳಗೆ ಸಿಕ್ಕಿಕೊಂಡಿತ್ತು. ಎಡಗೈಯ ಹತ್ತಿರ ಒಂದು ಸ್ಟೀಲ್ ಲೋಟ. ಅದರ ಅಂಚು ನೆಗ್ಗಿತ್ತು. ಗೋಡೆಯ ಸುಣ್ಣ, ನೆಲದಿಂದ ಗೇಣೆತ್ತರದಲ್ಲಿ, ಉದುರಿಹೋಗಿತ್ತು. "ಅಕ್ಕಾ" ಎಂದು ಕೂಗಿದೆ. ಗೋಡೆ ಎದ್ದ ಮೇಲೆ ನಾನು ಅವಳ ಜೊತೆ ಆಡಿದ ಮೊದಲ ಮಾತು ಅದು. ಉಸಿರಿತ್ತು, ಕಣ್ಣು ಬಿಡಲಿಲ್ಲ. ಯಜಮಾನರು ಹೊಸ್ತಿಲಿನ ಆಚೆ ನಿಂತು ಇಣುಕಿದರು. ನಾನು ಏನೆಂದು ಬೈದೆನೋ ನೆನಪಿಲ್ಲ, ತೆಲುಗಿನಲ್ಲಿ ಬೈದೆ. ಒಳಗೆ ಬಂದು ಅತ್ತಿಗೆಯ ಕಾಲು ಹಿಡಿದು ಎತ್ತಿದರು.

ಕೋಲಾರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕೂದಲೆಲ್ಲ ಬೆಳ್ಳಗಾಗಿದ್ದನ್ನು ಹತ್ತಿರದಿಂದ ನೋಡಿದ್ದು ಆಗಲೇ. ಲಕ್ವ ಹೊಡೆದಿದೆ, ಬೆಳಿಗ್ಗೆಯೇ ಹೊಡೆದಿರಬೇಕು, ಆಗಲೇ ಕರೆದುಕೊಂಡು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ನಮ್ಮ ಯಜಮಾನರು ಬೆಂಚಿನ ಮೇಲೆ ಕೂತವರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಬೆವರು ಎಂದುಕೊಂಡೆ.

"ಮಧ್ಯಾಹ್ನ ಉಣ್ಣೋಕೆ ಮನೆಗೆ ಬಂದಿದ್ನಲ್ಲ" ಎಂದರು. "ಗೋಡೆ ತಟ್ತಿದ್ಳು ಕಣೇ. ಸುಮಾರು ಹೊತ್ತು ತಟ್ಟಿದ್ಳು."

ಟವೆಲ್ಲನ್ನು ಮಡಿಸುತ್ತಾ ಬಿಚ್ಚುತ್ತಾ ಅವರೇ ಮುಂದುವರಿಸಿದರು.

"ಚಾನೆಲ್ ವಿಷ್ಯ ಅಂದ್ಕೊಂಡೆ. ನೀನಿಲ್ಲ ಅಂತ ಗೊತ್ತಿಲ್ಲೇನೋ ಅಂದ್ಕೊಂಡು ಮಲಗ್ಬಿಟ್ಟೆ."

ಚಾನೆಲ್ ವಿಷಯ, ನೀವು ಉಣ್ಣಿ ಎಂದು ದಿನಾ ಹೇಳಿ ಹೇಳಿ ಕಲಿಸಿದವಳು ನಾನೇ. ಇಬ್ಬರೂ ಆ ಬೆಂಚಿನ ಮೇಲೆ ಬೆಳಗಾಗುವವರೆಗೂ ಕೂತಿದ್ದೆವು. ಮಾಲೂರಿನಿಂದ ಅಕ್ಕನ ಮಗಳು ಬಂದಳು. ಅಕ್ಕ ಕೆಲವು ದಿನ ಹಾಗೆಯೇ ಇದ್ದಳು. ನಾನು ದಿನವೂ ಹೋಗಿ ಪಕ್ಕದಲ್ಲಿ ಕೂತು, ಧಾರಾವಾಹಿಯಲ್ಲಿ ಏನಾಯಿತು ಎಂದು ನನ್ನ ಹರಕು ತೆಲುಗಿನಲ್ಲಿ ಹೇಳುತ್ತಿದ್ದೆ. ನಿಜವಾಗಿ ಏನಾಯಿತೋ ನನಗೂ ಗೊತ್ತಿರಲಿಲ್ಲ, ಟೀವಿ ಯಾರು ನೋಡುತ್ತಿದ್ದರು. ಕಟ್ಟಿ ಹೇಳುತ್ತಿದ್ದೆ. ಅರ್ಥಮಾಯನಾ ಎಂದು ಕೇಳುತ್ತಿದ್ದೆ. ಅವಳು ಒಂದು ಬೆರಳೂ ಅಲ್ಲಾಡಿಸಲಿಲ್ಲ. ಹಾಗೆಯೇ ಹೋಗಿಬಿಟ್ಟಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮಗಳು ಮನೆ ಖಾಲಿ ಮಾಡಲು ಕೂತಳು. ನಾನೂ ಜೊತೆಗೆ ಕೈಹಾಕಿದೆ. ನಡುಮನೆಯಲ್ಲಿ ಟೀವಿಯ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿತ್ತು. ಸುತ್ತ ಮಡಿಸಿ, ಅಚ್ಚುಕಟ್ಟಾಗಿ ಪಿನ್ನು ಹಾಕಿ. ದಿನವೂ ಟೀವಿ ನೋಡುವವರು ಹಾಗೆ ಪಿನ್ನು ಹಾಕುವುದಿಲ್ಲ. ಪಿನ್ನು ಬಿಚ್ಚಿದೆ, ಸ್ವಿಚ್ ಒತ್ತಿದೆ. ಪರದೆಯಲ್ಲಿ ಏನೂ ಬರಲಿಲ್ಲ, ಸದ್ದೂ ಇಲ್ಲ. ಪಕ್ಕದಲ್ಲಿ ಬಾಕ್ಸಿನ ದೀಪ ಮಾತ್ರ ಉರಿಯುತ್ತಿತ್ತು.

"ಅದು ಕೆಟ್ಟು ಎಷ್ಟು ದಿನ ಆಯ್ತು ಚಿಕ್ಕಮ್ಮಾ" ಎಂದಳು ಮಗಳು. "ದೀಪಾವಳೀಲಿ ಸಿಡಿಲು ಬಂದು ಹೊಡ್ಕೊಂಡೋಯ್ತು. ರಿಪೇರಿಗೆ ಹೊಸದು ತಗೊಳ್ಳೋವಷ್ಟು ಆಗ್ತದೆ ಅಂದ್ರು. ನಾನೇ ಕೊಡಿಸ್ತೀನಿ ಅಂದ್ರೂ ಬೇಡ ಅಂದ್ಳು. ಒಬ್ಬಳಿಗೆ ಯಾಕೆ, ಗೋಡೆ ಆಚೆಯಿಂದ ಕೇಳಿಸ್ತದೆ, ಕೇಳಿದ್ರೆ ಸಾಕು ಅಂತಿದ್ಳು."

"ಮತ್ತೆ ತಿಂಗಳ ದುಡ್ಡು ಯಾಕೆ ಕಟ್ತಿದ್ಳು? ನಿಂತೋಗಿದೆ ಅಂತ ಅಂಗಡಿಯವನ ಕೈಲಾದ್ರೂ ಹೇಳಿ ಕಳಿಸಬಾರದಿತ್ತಾ?"

ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅದನ್ನೇ ನಾನೂ ಕೇಳ್ದೆ. ಕೆಟ್ಟೋಗಿದೆ ಅಂತ ಗೊತ್ತಾದ್ರೆ ನಿಮ್ ಚಿಕ್ಕಪ್ಪ ಬೇರೆ ಡಿಶ್ ಹಾಕಿಸ್ಬಿಡ್ತಾನೆ, ಆಮೇಲೆ ಗೋಡೆ ಯಾರು ತಟ್ತಾರೆ ಅಂದ್ಳು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಯ್ಯೋ ಪಾಪಿ! ಕಣ್ಣಿಗೆ ಕಾಣದ ಟೀವಿಗೆ ರಿಮೋಟು ಹಿಡಿದು, ನಮ್ಮ ಮನೆಯ ಸದ್ದಿಗೆ ಕಿವಿಗೊಟ್ಟು, ಇದಲ್ಲ ಇದಲ್ಲ ಎಂದು ಒಂದೊಂದೇ ಗುಂಡಿ ಒತ್ತುತ್ತಾ ನನ್ನ ಧಾರಾವಾಹಿಯನ್ನು ಹುಡುಕುತ್ತಿದ್ದಳಲ್ಲ. ನಾನು ಈಚೆಯಿಂದ ಕೋಲಲ್ಲಿ ಬಡಿಯುತ್ತಿದ್ದೆ. ಅದನ್ನೂ ಮಾತು ಎಂದೇ ಕೇಳಿಸಿಕೊಂಡಿರಬೇಕು. ಆಮೇಲೆ ಅಳು ಬಂತು. ಮಗಳು, ನಾನು, ಆ ಸೀರೆಯ ತುಂಡಿನಲ್ಲೇ ಮುಖ ಒರೆಸಿಕೊಂಡೆವು.

ಬಾಕ್ಸನ್ನೂ ಡಿಶ್ಶನ್ನೂ ಮಗಳು ಮಾಲೂರಿಗೆ ತೆಗೆದುಕೊಂಡು ಹೋದಳು. ನಮ್ಮ ಯಜಮಾನರು ಶ್ರೀನಿವಾಸಪುರಕ್ಕೆ ಹೋಗಿ ಪುಕ್ಕಟೆ ಡಿಶ್ ತಂದು ಹಾಕಿಸಿದರು. ರಿಮೋಟನ್ನು ನನ್ನ ಕೈಗೇ ಕೊಟ್ಟರು. ಈಗ ತಿಂಗಳ ದುಡ್ಡಿಲ್ಲ, ಯಾರ ಹಂಗೂ ಇಲ್ಲ. ಅಕ್ಕನ ಧಾರಾವಾಹಿ ಇದರಲ್ಲಿ ಬರುವುದಿಲ್ಲ. ಬೇರೆ ಯಾವುದೋ ತೆಲುಗಿನದು ಬರುತ್ತದೆ. ಆ ಹೊತ್ತಿಗೆ ಅದನ್ನು ಹಾಕಿ, ಸೌಂಡು ಜೋರು ಮಾಡಿ, ನಾನು ಅಡುಗೆಮನೆಗೆ ಹೋಗುತ್ತೇನೆ. ಗೋಡೆಯ ತೂತಿಗೆ ಸಿಮೆಂಟು ಮೆತ್ತಿಸಲು ಬಿಟ್ಟಿಲ್ಲ.

ಮೊದಲಾಗಿದ್ದರೆ ನಮ್ಮ ಯಜಮಾನರು ಸೌಂಡು ಕಮ್ಮಿ ಮಾಡೇ ಎಂದು ಕೂಗುತ್ತಿದ್ದರು. ಈಗ ಕೂಗುವುದಿಲ್ಲ. ಆದರೆ ಅಷ್ಟು ಜೋರಿನಲ್ಲೂ, ಗಾಳಿಗೆ ಪಕ್ಕದ ಖಾಲಿ ಮನೆಯ ಕಿಟಕಿ ಬಡಿದುಕೊಂಡರೆ ಸಾಕು, ಉಣ್ಣುತ್ತಿದ್ದ ಕೈಯಲ್ಲೇ ಎದ್ದು ಹೋಗಿ ನೋಡಿಕೊಂಡು ಬರುತ್ತಾರೆ.